ಸದ್ದಡಗಿಸುವ ಚಿದಂಬರ

ಕಾರಿನೊಳಗಿನ ಸದ್ದನ್ನು ಅಡಗಿಸುವುದು ಚಿದಂಬರನ ಉದ್ಯೋಗ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಎಂಜಿನಿಯರ್. ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ಬಾಗಿಲಿನ ರಬ್ಬರ್ ಪಟ್ಟಿಯ ಸಂದಿನಿಂದ ಗಾಳಿ ಶಿಳ್ಳೆ ಹಾಕಿದರೆ ಎಲ್ಲಿಂದ ಎಂದು ಹುಡುಕಿ ಮುಚ್ಚಬೇಕು. ನಮ್ಮ ಕಾರಿನಲ್ಲಿ ಕೂತರೆ ಏನೇನು ಸಡಿಲವಾಗಿದೆ ಎಂದು ಅವನಿಗೆ ತಕ್ಷಣ ತಿಳಿಯುತ್ತದೆ, ಆದರೆ ಹೇಳುವುದಿಲ್ಲ. ಒಮ್ಮೆ ನನ್ನ ಕಾರಿನ ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಮಡಿಸಿದ ಕಾಗದವೊಂದು ಕಂಡಿತು. ಕಸವೆಂದು ತೆಗೆದೆಸೆದೆ. ಆ ಸಂಜೆಯಿಂದಲೇ ಗಡಗಡ ಶುರುವಾಯಿತು. ಅದನ್ನು ಸಿಕ್ಕಿಸಿದವನು ಅವನೇ.

ಅವನು ರಾಣೆಬೆನ್ನೂರಿನವನು. ಓದಲು ಡೆಟ್ರಾಯಿಟ್‌ಗೆ ಬಂದ, ಇಲ್ಲೇ ಉಳಿದ. ತಬಲಾ ಸುಮಾರಾಗಿ ಬಾರಿಸುತ್ತಾನೆ. ವಚನ, ದಾಸರ ಪದ ಹಾಡುವ ನಮ್ಮ ಗುಂಪಿಗೆ ಅವನ ಮನೆಯ ಬೇಸ್‌ಮೆಂಟೇ ಸ್ಟುಡಿಯೋ. ಒಳ್ಳೆಯ ಮೈಕ್ ಇರುವುದು ಒಂದೇ, ಎಲ್ಲರಿಗೂ ಒಂದೇ ದಿನ ಬಿಡುವಾಗುವುದೂ ಇಲ್ಲ. ಆದ್ದರಿಂದ ಒಬ್ಬೊಬ್ಬರೇ ಬಂದು, ಹೆಡ್‌ಫೋನ್ ಹಾಕಿಕೊಂಡು, ತಮ್ಮ ಪಾಲಿನದನ್ನು ಹಾಡಿ ಹೋಗುತ್ತೇವೆ. ಚಿದಂಬರ ಅಷ್ಟೂ ದನಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಹಾಡು ಮಾಡುತ್ತಾನೆ. ಐದು ಗಂಟೆ ದಾರಿಯ ದೂರದ ಶಾಮ್‌ಬರ್ಗ್‌ನ ಕನ್ನಡಿಗರೂ ಆಫೀಸಿಗೆ ಹೋಗುವಾಗ ಕಾರಿನಲ್ಲಿ ನಮ್ಮ ಹಾಡುಗಳನ್ನು ಕೇಳುತ್ತಾರಂತೆ.

ಅವನ ಕಂಪ್ಯೂಟರಿನಲ್ಲಿದ್ದ ಹಳೆಯ ವಿಂಡೋಸ್‌ಗೆ ಕಳೆದ ವರ್ಷ ಭದ್ರತೆಯ ಅಪ್‌ಡೇಟ್‌ಗಳು ನಿಂತವು. ಹೊಸದನ್ನು ಹಾಕಲು ಆ ಯಂತ್ರಕ್ಕೆ ಯೋಗ್ಯತೆ ಇರಲಿಲ್ಲ. ಅವನು ತಿಂಗಳುಗಟ್ಟಲೆ ವಿಚಾರ ಮಾಡಿದ.

"ಫ್ರಿಡ್ಜ್ ಕೆಟ್ಟಾಗ್ಲೂ ಇವರು ಹೀಗೇ, ಆಂಟಿ," ಎಂದಳು ಅವನ ಹೆಂಡತಿ ಸ್ಮಿತಾ. ಅವಳು ಮೈಸೂರಿನವಳು. "ಕೂತ್ಕೊಂಡು ರಿವ್ಯೂ ಓದ್ತಾರೆ. ಅಷ್ಟ್ರಲ್ಲಿ ಹಾಲು ಒಡೆದಿರತ್ತೆ."

ಕೊನೆಗೆ ಆನ್ ಆರ್ಬರ್‌ನಲ್ಲಿ ಓದುತ್ತಿರುವ ಮಗಳು ಧೃತಿ ಫೋನ್ ಮಾಡಿ, "ಜಸ್ಟ್ ಗೆಟ್ ಎ ಮ್ಯಾಕ್, ಅಪ್ಪಾ," ಎಂದಳು. ಮ್ಯಾಕ್ ಬಂತು.

ಯಂತ್ರ ಕೊಳ್ಳುವುದು ಸುಲಭವಿತ್ತು. ಸಂಗೀತದ ಸಾಫ್ಟ್‌ವೇರ್ ಆರಿಸುವುದು ಕಷ್ಟವಾಯಿತು, ಏಕೆಂದರೆ ಅವನಿಗೆ ಕೈ ಪಳಗಿದ್ದ ಹಳೆಯದು ಮ್ಯಾಕ್‌ನಲ್ಲಿ ನಡೆಯುವುದಿಲ್ಲ. ನೋಡಿದ್ದು ಮೂರು. ಒಂದು ಚೆಂದವಾಗಿತ್ತು, ಆದರೆ ಮ್ಯಾಕ್ ಬಿಟ್ಟರೆ ಬೇರೆಲ್ಲೂ ಓಡದು. ಇನ್ನೊಂದು ಹಳೆಯದನ್ನೇ ಹೋಲುತ್ತಿತ್ತು, ಅದಕ್ಕೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಮೂರನೆಯದು ನೋಡಲು ಸಪ್ಪೆ, ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ಹಳೆಯ ಹಾಡುಗಳ ಕಡತ ಮೂರರಲ್ಲಿಯೂ ತೆರೆಯಲಿಲ್ಲ. ಯಾಕೆ ಎಂದು ಕೇಳಿದೆ.

"ತರಕಾರಿ ಚೀಲದಾಗ ಹಾಕ್ಕೊಂಡು ಬರಬಹುದ್ರಿ ಮೇಡಂ. ಅಂದ್ರ ಒಬ್ಬೊಬ್ಬರು ಹಾಡಿದ್ದು ಬೇರೆ ಬೇರೆ ಫೈಲ್ ಅದಾವು, ಅವು ಬರ್ತಾವು. ಉಪ್ಪು ಎಷ್ಟು ಹಾಕಿದ್ದೆ, ಏನು ಬಿಟ್ಟಿದ್ದೆ, ಅದು ಹಳೇ ಅಡಿಗಿ ಮನ್ಯಾಗ ಉಳೀತದ."

ಏನು ಬಿಟ್ಟಿದ್ದ ಎಂದು ನಾನು ಆಗಲೇ ಕೇಳಬೇಕಿತ್ತು.

ಬಸವ ಜಯಂತಿಗೆ ಹೊಸ ಹಾಡುಗಳು ಆಗಬೇಕಿದ್ದವು. ಮೂರು ಸಾಫ್ಟ್‌ವೇರ್‌ಗಳಲ್ಲಿಯೂ ಒಂದೇ ಹಳೆಯ ಹಾಡಿನ ಬಿಡಿ ಫೈಲುಗಳನ್ನು ಹಾಕಿ ಕೇಳಿ ತೀರ್ಮಾನಿಸೋಣ ಎಂದು ಅವನು ನಮ್ಮಿಬ್ಬರನ್ನು ಕರೆದ. ನಾನು ಉಚ್ಚಾರಣೆ ನೋಡುವವಳು. ಇನ್ನೊಬ್ಬರು ಗುರುದೇವಿ, ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮಕ್ಕಳ ಡಾಕ್ಟರು, ಊರು ಇಳಕಲ್. ಹಾಡು ಆರಿಸುವವರು, ಜನರನ್ನು ಫೋನ್ ಮಾಡಿ ಕೂಡಿಸುವವರು, ಎಲ್ಲರಿಗೂ ಉಣಬಡಿಸುವವರು ಅವರೇ. ಅವರಿಲ್ಲದಿದ್ದರೆ ಗುಂಪೇ ಇಲ್ಲ. ಇದು ಚಿದಂಬರನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಾಡು ಶುರುವಾಯಿತು. ಎರಡನೆಯ ಸಾಲಿನಲ್ಲಿ ನಮ್ಮ ದನಿಗಳ ಮೇಲಿಂದ ಒಂದು ಗಟ್ಟಿ ದನಿ ಎದ್ದಿತು. ಪ್ರತಿ ಸಾಲಿನ ಕೊನೆಗೂ ಅದು ಶ್ರುತಿ ಬಿಟ್ಟು ಮೇಲೇರುತ್ತಿತ್ತು. ಎಷ್ಟೋ ವರ್ಷಗಳಿಂದ ಕೇಳಿದ ಹಾಡು, ಈ ದನಿ ಅದರಲ್ಲಿ ಇರಲೇ ಇಲ್ಲ. ಚಿದಂಬರ ಹಳೆಯ ಅಭ್ಯಾಸದಿಂದ ಯಾವುದೋ ಕೀ ಒತ್ತಿದ. ಹಾಡು ನಿಲ್ಲಲಿಲ್ಲ.

"ಇದು ನಂದ ದನಿ," ಎಂದರು ಗುರುದೇವಿ.

ಅವನು ಹೇಗೋ ನಿಲ್ಲಿಸಿದ.

"ಹಳೇದರಾಗ ಹಚ್ಚು."

ಹಳೆಯ ಕಂಪ್ಯೂಟರಿನಲ್ಲಿ ಹಚ್ಚಿದ. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಇದರಾಗ ನಾ ಎಲ್ಲಿ ಅದೀನಿ?"

"ಮ್ಯೂಟ್ ಮಾಡಿದ್ನಿರಿ ಅಕ್ಕಾರ."

"ಇದೊಂದ?"

"ಎಲ್ಲಾ."

ನಡೆದದ್ದು ಇಷ್ಟೆ. ಅವನು ದನಿಯ ಫೈಲುಗಳಿದ್ದ ಫೋಲ್ಡರನ್ನು ಇಡಿಯಾಗಿ ಹೊಸ ಕಂಪ್ಯೂಟರಿಗೆ ಎಳೆದು ಹಾಕಿದ್ದ, ಗುರುದೇವಿಯ ಫೈಲನ್ನು ತೆಗೆದಿಡಲು ಮರೆತಿದ್ದ. ಯಾರ ದನಿಯನ್ನು ಮುಚ್ಚಿದ್ದೇನೆ ಎಂಬುದು ಹಳೆಯ ಸಾಫ್ಟ್‌ವೇರ್‌ಗೆ ಮಾತ್ರ ಗೊತ್ತಿತ್ತು.

"ಯಾಕ ಹೇಳಲಿಲ್ಲ?"

"ನೀವು ಬ್ಯಾಸರಾಗಿ ಬಿಟ್ಟು ಹೋದ್ರ, ಗುಂಪು…"

"ನಾ ದಿನಾ ತಾಯಂದಿರ ಮುಂದ ಕುಂತು, ನಿಮ್ಮ ಕೂಸಿಗೆ ಹಿಂಗಾಗೇತಿ ಅಂತ ಹೇಳತೀನಿ. ಅಳತಾರ. ಮತ್ತ ನನ್ನ ಹತ್ರನ ಬರತಾರ. ನಿನಗ ಒಂದು ಸುರ ತಪ್ಪೇತಿ ಅಂತ ಹೇಳಾಕ ಬಾಯಿ ಬರಲಿಲ್ಲೇನು?"

ಕೋಟು ಹಾಕಿಕೊಂಡು ಹೊರಟುಹೋದರು. ಅವರು ತಂದಿದ್ದ ಹೋಳಿಗೆಯ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಆಮೇಲೆ ಅಭ್ಯಾಸ ನಿಂತಿತು. ಸುದ್ದಿ ಹರಡಿ ಒಬ್ಬೊಬ್ಬರೂ ಚಿದಂಬರನಿಗೆ ಫೋನ್ ಮಾಡತೊಡಗಿದರು. ಗುರುದೇವಿಯವರ ಗಂಡ ಶಿವಬಸಪ್ಪನವರು, "ನನ್ನೂ ಮುಚ್ಚೀಯೇನಪಾ? ಮುಚ್ಚಿದ್ರ ಛಲೋನ ಆತು ಬಿಡು, ಮನ್ಯಾಗ ರೂಢಿ ಐತಿ," ಎಂದರಂತೆ. ನನ್ನ ದನಿಯ ಬಗ್ಗೆ ನಾನು ಕೇಳಲಿಲ್ಲ.

ಅವನು ಒಂದು ಸಂಜೆ ನನ್ನಲ್ಲಿಗೆ ಬಂದ. ಹಳೆಯ ಕಂಪ್ಯೂಟರನ್ನೇ ಇಂಟರ್‌ನೆಟ್ ತೆಗೆದು ಇಟ್ಟುಕೊಂಡರೆ ಎಲ್ಲ ಮೊದಲಿನಂತೆ ನಡೆಯುತ್ತಿತ್ತು ಎಂದ. ನಡೆಯುತ್ತಿತ್ತು, ನಿಜ. ಬಾಗಿಲ ಸಂದಿನ ಗಾಳಿಗೆ ಮರ್ಯಾದೆ ಎಂಬುದಿಲ್ಲ, ಅದನ್ನು ಹೇಳದೆ ಕೇಳದೆ ಮುಚ್ಚಬಹುದು; ಗುರುದೇವಿಯನ್ನು ಹಾಗೆ ಮುಚ್ಚಲು ನಿನಗೆ ಯಾರು ಹೇಳಿದರು ಎಂದೆ.

ಅವನ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಒಳ್ಳೆಯತನದಲ್ಲಿ ಎದುರಿನವರು ಏನನ್ನೂ ತಾಳಿಕೊಳ್ಳಲಾರರು ಎಂಬ ಅಂದಾಜು ಇತ್ತು. ತಾಳಲಾರದವನು ಅವನೇ. ಯಾರ ಮುಖವೂ ಬಾಡುವುದನ್ನು ಅವನು ನೋಡಲಾರ. ಇಪ್ಪತ್ತು ವರ್ಷ ಸದ್ದು ಮುಚ್ಚಿದವನಿಗೆ ಎಲ್ಲ ಕಷ್ಟಕ್ಕೂ ಅದೇ ಪರಿಹಾರ ಹೊಳೆಯುವುದರಲ್ಲಿ ಆಶ್ಚರ್ಯವಿಲ್ಲ.

ಗುರುದೇವಿಯ ಫೋನ್ ಚಿದಂಬರನಿಗೆ ಚಳಿಗಾಲದ ಕೊನೆಗೆ ಬಂತು. ಹಳೆಯ ಹಾಡುಗಳು ಇದ್ದ ಹಾಗೇ ಇರಲಿ, ಅವುಗಳಿಂದ ನನ್ನ ಹೆಸರು ತೆಗೆ, ಹಾಡದವಳ ಹೆಸರು ಯಾಕೆ. ಹೊಸದಕ್ಕೆ ಶನಿವಾರ ಬರುತ್ತೇನೆ ಎಂದರು. ಚಿದಂಬರ ಆ ವಾರವೇ ಮೂರನೆಯ ಸಾಫ್ಟ್‌ವೇರನ್ನು ಕೊಂಡ. ಮುಂದೆ ಯಾವ ಕಂಪ್ಯೂಟರಿಗೆ ಹೋದರೂ ಹಾಡು ಇಡಿಯಾಗಿ ಜೊತೆಗೆ ಬರುತ್ತದೆ ಎಂದು ಕಾರಣ ಕೊಟ್ಟ. ಸರಿಯಾದ ಕಾರಣವೇ.

ಶನಿವಾರ ಗುರುದೇವಿ ಬಂದರು. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತರು.

"ಮೈಕ್ ಚಾಲೂ ಐತೋ?"

"ಐತ್ರಿ ಅಕ್ಕಾರ."

"ಖರೇನ ಐತೋ?"

ಅವನು ಮಾನಿಟರನ್ನು ಅವರ ಕಡೆಗೆ ತಿರುಗಿಸಿದ. ಅವರು ಕೆಮ್ಮಿದರು, ಪರದೆಯ ಮೇಲೆ ಹಸಿರು ಗೆರೆ ಎದ್ದು ಬಿತ್ತು. ಹಾಡತೊಡಗಿದರು. ಮೊದಲ ಸಾಲಿನ ಕೊನೆಗೆ ದನಿ ಮೇಲೇರಿತು, ಎರಡನೆಯದಕ್ಕೂ ಏರಿತು. ಚಿದಂಬರ ನನ್ನತ್ತ ನೋಡಿದ. ನಾನು ಹಾಡಿನ ಹಾಳೆ ನೋಡುತ್ತ ಕೂತೆ. ಅವನು ತಬಲಾ ಟ್ರ್ಯಾಕ್ ನಿಲ್ಲಿಸಿದ.

"ಅಕ್ಕಾರ, ಸಾಲಿನ ಕೊನಿಗೆ ಏರಾಕತ್ತೀರಿ. ಇನ್ನೊಮ್ಮೆ ಹಾಡ್ರಿ."

ಗುರುದೇವಿ ಹೆಡ್‌ಫೋನ್ ತೆಗೆದು ಅವನನ್ನು ನೋಡಿದರು. ಅವನ ಕಿವಿ ಕೆಂಪಾಗಿತ್ತು, ಆದರೂ ಕಣ್ಣು ತಗ್ಗಿಸಲಿಲ್ಲ. ಅವರು ಹೆಡ್‌ಫೋನನ್ನು ಮತ್ತೆ ಏರಿಸಿಕೊಂಡರು.

"ಮೊದಲಿಂದ ಹಚ್ಚು."