ನಿಂತು ತೆಗೆದ ಅಳತೆ

ನಮ್ಮ ಪಕ್ಕದ ಮನೆಯ ದರ್ಜಿಯಮ್ಮನಿಗೆ ಮನುಷ್ಯರನ್ನು ಒಮ್ಮೆ ನೋಡಿದರೆ ಅಳತೆ ಗೊತ್ತಾಗುತ್ತಿತ್ತು. ಟೇಪು ಹಿಡಿಯುವುದು ಬರೀ ಗಿರಾಕಿಯ ಸಮಾಧಾನಕ್ಕೆ ಎನ್ನುತ್ತಿದ್ದರು. ನೆಟ್ಟಗೆ ನಿಲ್ಲಿ, ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಬೇಡಿ ಎಂದು ಎಂಥ ದೊಡ್ಡವರನ್ನೂ ಗದರಿಸುತ್ತಿದ್ದರು. ಅವರ ಬಾಯಿಗೆ ಹೆದರಿ ಬೇರೆ ಕಡೆ ಹೋದ ಗಿರಾಕಿಗಳು, ಅವರ ಹೊಲಿಗೆಗೆ ಸೋತು ತಿರುಗಿ ಬರುತ್ತಿದ್ದರು.

ಆ ಬಾಯಿಗೆ ಸರಿಜೋಡಿ ಅದೇ ಮನೆಯಲ್ಲಿತ್ತು: ಗಂಡನ ತಂಗಿ. ಹುಡುಗಿಯರ ಹಾಸ್ಟೆಲೊಂದನ್ನು ಬಹಳ ಕಾಲ ನೋಡಿಕೊಂಡು ನಿವೃತ್ತರಾದವರು, ಬೀದಿಯವರಿಗೆಲ್ಲ ವಾರ್ಡನ್. ತುಂಬಿದ ಮೈ, ಮೂರು ಮನೆಗೆ ಕೇಳುವ ಗಂಟಲು. ದರ್ಜಿಯಮ್ಮನ ಗಂಡ ಸಾಯುವಾಗ ಮನೆಯ ಕೆಳಭಾಗ ಹೆಂಡತಿಗೆ, ಮಹಡಿ ತಂಗಿಗೆ ಎಂದು ಹೇಳಿ ಕಣ್ಣು ಮುಚ್ಚಿದರು. ಅಂದಿನಿಂದ ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ಮಾತು ಬಿಟ್ಟದ್ದೇಕೆ ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಕಾರಣಗಳೂ ಬೇರೆ ಬೇರೆಯಾಗಿಯೇ ಬಂದವು.

ಒಂದೇ ಸೂರಿನಡಿ ಮಾತಿಲ್ಲದೆ ಬದುಕಲಾದೀತೆ? ಮೆಟ್ಟಿಲ ಬುಡದಲ್ಲಿ ಹೊಲಿಗೆ ಮಿಷನ್ನಿತ್ತು. ಇಬ್ಬರೂ ಅದಕ್ಕೆ ಹೇಳುತ್ತಿದ್ದರು. ಮೇಲಿನವರಿಗೆ ಕಾಲು ಎತ್ತಿ ನಡೆಯಲು ಹೇಳು ಎಂದು ಇವರು ಮಿಷನ್ನಿಗೆ ಹೇಳಿದರೆ, ಕೆಳಗಿನವರಿಗೆ ಕಿವಿ ಇನ್ನೂ ಇದೆಯೆಂದು ತಿಳಿದಿರಲಿಲ್ಲವೆಂದು ಅವರೂ ಮಿಷನ್ನಿಗೇ ಉತ್ತರ ಕೊಡುತ್ತಿದ್ದರು. ಪಾಪ, ಅದು ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

ಹೀಗಿರುವಾಗ ದರ್ಜಿಯಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿತು, ಆದರೆ ಬಲಮಂಡಿ ಮಡಚದಂತಾಯಿತು. ಸ್ನಾನದ ಮನೆಯಿದ್ದದ್ದು ಮಹಡಿಯಲ್ಲಿ. ವಾರ್ಡನ್ ತಮ್ಮ ಅತ್ತಿಗೆಯನ್ನು ಅರ್ಧ ಹೊತ್ತುಕೊಂಡೇ ಮೇಲೆ ಹತ್ತಿಸಿ ಸ್ನಾನ ಮಾಡಿಸತೊಡಗಿದರು. ಬಾಯಿ ಮುಚ್ಚಿಕೊಂಡು ಮಾಡಿಸಿದ್ದರೆ ಪುಣ್ಯ ಬರುತ್ತಿತ್ತು. ಊರವರ ಮೈಯೆಲ್ಲ ಅಳೆದವರಿಗೆ ಸ್ವಂತ ಮೈ ತೊಳೆಯಲು ನಾನು ಬೇಕಾಯಿತು ಎಂದು ಬಕೆಟ್ಟಿಗೆ ಹೇಳುತ್ತಿದ್ದರಂತೆ.

"ಹಗೆಯ ಮುಂದೆ ಬತ್ತಲೆ ಕೂರೋದಕ್ಕಿಂತ ಕೊಳೆತು ಸಾಯೋದು ವಾಸಿ" ಎಂದು ದರ್ಜಿಯಮ್ಮ ನನ್ನೆದುರು ಕಣ್ಣೊರೆಸಿಕೊಂಡರು. ತನ್ನ ಸ್ನಾನ ತಾನೇ ಮಾಡಬೇಕು, ಯಾರ ಕಣ್ಣಿಗೂ ಬೀಳಬಾರದು. ಅವರಿಗೆ ಬೇಕಾಗಿದ್ದದ್ದು ಅಷ್ಟೆ.

ಕೆಳಗೆ ಮೆಟ್ಟಿಲ ಪಕ್ಕದಲ್ಲಿ ಒಂದು ಸಣ್ಣ ಪಾಯಿಖಾನೆಯಿತ್ತು. ಅಲ್ಲಿಗೇ ಷವರ್ ಹಾಕಿಸುವುದೆಂದು ಪ್ಲಂಬರನನ್ನು ಕರೆಸಿದರು. ಬೆಂಕಿಪೊಟ್ಟಣದಲ್ಲಿ ಆನೆ ಕಟ್ಟು ಅಂತೀರಲ್ಲಮ್ಮ ಎಂದು ಅವನು ತಲೆ ಕೆರೆದುಕೊಂಡ. ದರ್ಜಿಯಮ್ಮ ಗೋಡೆ ಹಿಡಿದು ನಿಂತು, ತನ್ನ ಭುಜ, ಸೊಂಟಗಳಿಗೆ ಟೇಪು ಸುತ್ತಿ, ಒಂದಿಷ್ಟು ಸಡಿಲ ಸೇರಿಸಿ, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ ಗೆರೆ ಎಳೆದರು. ಕಮೋಡಿನ ಪಕ್ಕದ ಮೂಲೆಯಲ್ಲಿ ಸ್ಟೂಲು, ಅದರ ನೆತ್ತಿಗೆ ಷವರ್. ಇನ್ನೊಬ್ಬರು ಕಾಲಿಡಲು ಜಾಗವಿಲ್ಲ ಎಂದು ಪ್ಲಂಬರ್ ಹೇಳಿದಾಗ, ಅದಕ್ಕೇ ಅಲ್ಲವೇ ಈ ಅಳತೆ ಎಂದರು.

ಮೆಟ್ಟಿಲ ಮೇಲೆ ನಿಂತಿದ್ದ ವಾರ್ಡನ್ ಬಾಗಿಲು ಹೊರಕ್ಕೆ ತೆರೆಯಲಿ, ಗೋಡೆಗೊಂದು ಹಿಡಿಕೆ ಇರಲಿ ಎಂದು ಮಿಷನ್ನಿಗೆ ಹೇಳಿದರು. ಪ್ಲಂಬರನೂ ಹೌದೆಂದ. ಬಾಗಿಲು ಹೊರಕ್ಕೆ ತೆರೆಯಬೇಕಾದರೆ ಮಿಷನ್ನು ಅಲ್ಲಿಂದ ಏಳಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಆ ಮಾತು ವಾರ್ಡನ್ ಬಾಯಿಂದ ಬಂದಿತ್ತು. ಬಾಗಿಲು ಒಳಕ್ಕೇ ಇರಲಿ, ಹಿಡಿಕೆ ಬೇಡ, ಚಿಲಕ ಮಾತ್ರ ಗಟ್ಟಿಯಾಗಿರಲಿ ಎಂದು ದರ್ಜಿಯಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಮೊದಲ ಸ್ನಾನದ ದಿನ ನಾನು ಹೊಲಿಯಲು ಕೊಟ್ಟಿದ್ದ ಬಟ್ಟೆಗಾಗಿ ಹೋಗಿ ಅವರ ಮುಂದಿನ ಕೋಣೆಯಲ್ಲಿ ಕೂತಿದ್ದೆ. ಒಳಗೆ ನೀರು ಬೀಳುವ ಸದ್ದು. ಜೊತೆಗೆ ದರ್ಜಿಯಮ್ಮ ಗುನುಗುವುದೂ ಕೇಳಿಸಿತು. ನೀರು ನಿಂತಿತು. ಎಷ್ಟು ಹೊತ್ತಾದರೂ ಬಾಗಿಲು ತೆರೆಯಲಿಲ್ಲ.

ವಿಷಯ ಇಷ್ಟೆ. ದರ್ಜಿಗಳು ಜನರನ್ನು ನಿಲ್ಲಿಸಿ ಅಳೆಯುತ್ತಾರೆ. ಕೂರಿಸಿ ಅಳೆಯುವವರು ಯಾರೂ ಇಲ್ಲ. ಮಡಚದ ಕಾಲು ಸ್ಟೂಲಿನಿಂದ ಎಲ್ಲಿಯವರೆಗೆ ಚಾಚುತ್ತದೆಂಬ ಲೆಕ್ಕ ಆ ಟೇಪಿಗೆ ಸಿಕ್ಕಿರಲಿಲ್ಲ. ಹಿಮ್ಮಡಿ ಬಾಗಿಲಿಗೆ ಒತ್ತಿಕೊಂಡಿತ್ತು, ಪಕ್ಕಕ್ಕೆ ಸರಿಸಲು ಕಮೋಡು ಅಡ್ಡ, ಎದ್ದೇಳಲು ಹಿಡಿಕೆಯಿಲ್ಲ. ಕೂತಲ್ಲಿಂದ ಚಿಲಕ ಎಟುಕುತ್ತಿರಲಿಲ್ಲ.

ಮೇಲಿನಿಂದಲೇ ಕಿವಿಗೊಟ್ಟಿದ್ದ ವಾರ್ಡನ್ ದಡದಡನೆ ಇಳಿದು ಬಂದರು. ಬಾಗಿಲು ನೂಕಿದರೆ ಒಳಗಿಂದ ನೋವಿನ ನರಳಾಟ. ಅವರು ಅತ್ತಿತ್ತ ನೋಡಿ ಮಿಷನ್ನಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಕೈಗೆತ್ತಿಕೊಂಡರು. ತನ್ನ ಕತ್ತರಿಯ ಸದ್ದನ್ನು ದರ್ಜಿಯಮ್ಮ ಗುರುತಿಸದಿರುತ್ತಾರೆಯೇ?

"ಕತ್ತರಿ ಮುಟ್ಟಬೇಡ. ಸಾಣೆ ಹಾಳಾಗುತ್ತೆ."

ಎಷ್ಟೋ ವರ್ಷಗಳ ಮೇಲೆ ನಾದಿನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಸಾಣೆ ಬೇಕೋ, ಪ್ರಾಣ ಬೇಕೋ, ಹೇಳಿ ಅತ್ತಿಗೆ."

"ಸಾಣೆ."

"ಹಾಗಾದರೆ ನಾಳೆವರೆಗೂ ಕೂತಿರಿ. ಊಟ ಗವಾಕ್ಷಿಯಲ್ಲಿ ಹಾಕ್ತೀನಿ."

ಹಾಗೆಂದವರು ನನ್ನ ಕಡೆ ತಿರುಗಿ, ಹೊರಗೆ ಹೋಗಿ ನಿಲ್ಲಿ ಎಂದು ಗದರಿದರು. ನಾನು ಬಾಗಿಲಾಚೆ ನಿಂತೆ. ಆಮೇಲಿನದು ಕಿವಿಯಿಂದ ತಿಳಿದದ್ದು. ಪ್ಲಾಸ್ಟಿಕ್ ಬಾಗಿಲಿನ ಹಲಗೆಗಳು ಕತ್ತರಿಯ ಮೊನೆಗೆ ಪಟಪಟ ಕಿತ್ತು ಬಂದವು. ಅದಕ್ಕೂ ಮೊದಲು ವಾರ್ಡನ್ ಗವಾಕ್ಷಿಯಿಂದ ಒಂದು ಬೆಡ್‌ಶೀಟು ಒಳಗೆ ತಳ್ಳಿದ್ದರಂತೆ.

"ಸುತ್ತಿಕೊಂಡಿರಾ?"

ಒಳಗೆ ಬೆಡ್‌ಶೀಟು ಸುತ್ತಿಕೊಳ್ಳುವ ಸರಬರ ಸದ್ದು.

"ಕೈ ಹಿಡ್ಕೊಳ್ಳಿ. ನಾನು ಗೋಡೆ ಕಡೆ ನೋಡ್ತಿದ್ದೀನಿ. ನಿಮ್ಮನ್ನು ನೋಡೋ ಆಸೆ ನನಗೇನೂ ಇಲ್ಲ."

ದರ್ಜಿಯಮ್ಮ ಆ ಕೈ ಹಿಡಿದು ಎದ್ದರು. ಹೊರಗೆ ಬಂದವರು ಮೊದಲು ಮಾಡಿದ ಕೆಲಸ, ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿ ನಾದಿನಿಯ ವಂಶವನ್ನೇ ಬೈದದ್ದು. ಅದು ತನ್ನ ಗಂಡನ ವಂಶವೂ ಹೌದೆಂಬುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

ಹೊಸ ಬಾಗಿಲು ಹೊರಕ್ಕೆ ತೆರೆಯುವಂತೆ ಕೂತಿತು, ಹಿಡಿಕೆಯೂ ಬಂತು. ಚಿಲಕ ಹೋಯಿತು. ಅದರ ಬದಲು ದರ್ಜಿಯಮ್ಮ ಒಳಗೊಂದು ದಪ್ಪ ಪರದೆ ಹೊಲಿದು ಕಟ್ಟಿಕೊಂಡರು. ಮಿಷನ್ನು ಮುಂದಿನ ಕೋಣೆಗೆ ಹೋಯಿತು. ಮಾತು ಹೇಳಿ ಕಳಿಸಲು ನಡುವೆ ಯಾರೂ ಇಲ್ಲದಂತಾಯಿತು.

ಹಗೆ ಹಾಗೇ ಉಳಿಯಿತು. ಅತ್ತಿಗೆ ಸ್ನಾನಕ್ಕೆ ಹೋದರೆ ನಾದಿನಿ ಬಾಗಿಲಿಗೆ ಬೆನ್ನು ಮಾಡಿ ಕೆಳಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಟ್ಯಾಂಕ್ ಖಾಲಿ ಮಾಡುತ್ತೀರೆಂದು ಹೊರಗಿನಿಂದ ನಾದಿನಿ, ನಿನ್ನ ನಾಲಿಗೆಗಿಂತ ನೀರು ಕಡಿಮೆಯೇ ಹರಿಯುತ್ತದೆಂದು ಒಳಗಿನಿಂದ ಅತ್ತಿಗೆ. ನಮ್ಮ ಮನೆಗೆ ಎಲ್ಲವೂ ಕೇಳುತ್ತಿತ್ತು. ಒಳಗಿನ ಉತ್ತರ ಸ್ವಲ್ಪ ತಡವಾದರೆ ಸಾಕು, ವಾರ್ಡನ್ ಗಂಟಲು ಏರುತ್ತಿತ್ತು:

"ಅತ್ತಿಗೆ, ಇದ್ದೀರೋ ಹೋದಿರೋ?"

"ನಿನ್ನನ್ನು ಕಳಿಸಿಯೇ ಹೋಗೋದು. ಸುಮ್ಮನೆ ಕೂತಿರು."