ಬಾಗಿಲಿನ ಕೆಳಹಲಗೆ

ಬಣ್ಣದಂಗಡಿಯ ಮೇಸ್ತ್ರಿಗೆ ಎರಡೂ ಕಣ್ಣು ನೆಟ್ಟಗಿದ್ದರೂ ಊರೆಲ್ಲ ಕರೆಯುತ್ತಿದ್ದದ್ದು ಒಕ್ಕಣ್ಣ ಎಂದೇ. ಬಣ್ಣ ಕಲಸುವಾಗ ಎಡಗಣ್ಣು ಮುಚ್ಚಿ ಬಲಗಣ್ಣಲ್ಲೇ ಅಳೆಯುವುದು ಅವನ ಮೂವತ್ತು ವರ್ಷದ ಅಭ್ಯಾಸ. ಮಾದರಿಗೆಂದು ಹಳೆ ಬಣ್ಣದ ಚೂರು ತಂದವರನ್ನು ಕಂಡರೆ ನಗುತ್ತಿದ್ದ. ಗೋಡೆಯನ್ನೋ ಬಾಗಿಲನ್ನೋ ಒಮ್ಮೆ ನೋಡಿ ಬಂದರೆ ಮುಗಿಯಿತು, ಡಬ್ಬಿಯಲ್ಲಿ ಅದೇ ಬಣ್ಣ. ಜಂಬ ತುಸು ಜಾಸ್ತಿಯೇ, ಆದರೆ ಸುಳ್ಳಲ್ಲ.

ಪಕ್ಕದ ಬೀದಿಯ ಟೀಚರಮ್ಮನ ಕೆಂಪು ಬಾಗಿಲಿಗೆ ಹೊಸ ಕೆಳಹಲಗೆ ಬೇಕಾಗಿತ್ತು. ಅವನು ಹೋಗಿ ಬಣ್ಣ ನೋಡಿ ಬಂದ. ಅದೇ ವಾರ ಜ್ವರದ ಲಸಿಕೆ ಹಾಕಿಸಿಕೊಂಡ. ಬಡಗಿ ಹಲಗೆ ಕೂರಿಸುವಷ್ಟರಲ್ಲಿ ಹತ್ತು ದಿನವಾಯಿತು. ಕಲಸಲು ಕೂತರೆ ಕೆಂಪು ಏಳಲೇ ಇಲ್ಲ. ಕಣ್ಣು ಹೊರಳಿಸಿದಾಗ ನೋವು ಬೇರೆ. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡು ಇನ್ನಷ್ಟು ಕೆಂಪು ಸುರಿದು ಬಳಿದು ಬಂದ.

ಮರುದಿನ ಟೀಚರಮ್ಮ ಅಂಗಡಿಗೇ ಬಂದರು. “ಏನಪ್ಪಾ, ನನ್ನ ಬಾಗಿಲಿಗೆ ಚಡ್ಡಿ ತೊಡಿಸಿದ್ದೀಯಲ್ಲ!”

ಅವನು ಹೋಗಿ ಎಡಗಣ್ಣು ಮುಚ್ಚಿ ನೋಡಿದ. “ಎರಡೂ ಒಂದೇ ಇದೆಯಲ್ಲಮ್ಮಾ.”

“ಆ ಕಣ್ಣನ್ನೂ ಬಿಟ್ಟು ನೋಡು.”

ಬಿಟ್ಟ. ಮೇಲಿನದಕ್ಕಿಂತ ಕೆಳಹಲಗೆ ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು.

ಕಣ್ಣಿನ ಡಾಕ್ಟರು ಕೆಂಪು ಮುಚ್ಚಳವೊಂದನ್ನು ಒಂದೊಂದು ಕಣ್ಣಿಗೂ ತೋರಿಸಿದರು. ಎಡಕ್ಕೆ ಕೆಂಪು, ಬಲಕ್ಕೆ ಮಾಸಿದ ಇಟ್ಟಿಗೆ ಬಣ್ಣ.

“ಬಲಗಣ್ಣಿನ ನರ ಊದಿದೆ.”

“ಲಸಿಕೆಯಿಂದಾನಾ?”

“ಲಸಿಕೆ ಆದ್ಮೇಲೆ ಹೀಗಾಗಿದ್ದು ಎಲ್ಲೋ ಅಪರೂಪಕ್ಕೆ ವರದಿಯಾಗಿದೆ. ಅದರಿಂದ್ಲೇ ಅಂತ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ. ತುಂಬಾ ಜನಕ್ಕೆ ದೃಷ್ಟಿ ವಾಪಸ್ ಬರುತ್ತೆ. ಬಣ್ಣ ಮಾತ್ರ ಕೆಲವರಿಗೆ ಪೂರ್ತಿ ಬರಲ್ಲ.”

ಅವನಿಗೆ ಅನ್ನ ಹಾಕುತ್ತಿದ್ದದ್ದೇ ಆ ಕಣ್ಣು. ಎಡಗಣ್ಣಲ್ಲಿ ಕಲಸಿ ನೋಡಿದ, ಹದ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಹೆದರಿದ.

“ಹಲಗೆ ಸ್ವಲ್ಪ ದಿನ ಹಾಗೇ ಇರಲಿ,” ಎಂದು ಟೀಚರಮ್ಮನನ್ನು ಬೇಡಿಕೊಂಡ. ದಿನಾ ಬೆಳಿಗ್ಗೆ ಆ ಬಾಗಿಲ ಮುಂದೆ ನಿಂತು ಎಡಗಣ್ಣು ಮುಚ್ಚುತ್ತಿದ್ದ. ಮೇಲಿನದೂ ಕೆಳಗಿನದೂ ಒಂದೇ ಮಾಸಲು. ತನ್ನ ತಪ್ಪು ತನಗೆ ಕಾಣಲಿ ಎಂದು ಹಂಬಲಿಸಿದವನು ಊರಲ್ಲಿ ಅವನೊಬ್ಬನೇ ಇರಬೇಕು.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕೆಳಹಲಗೆ ಕಣ್ಣಿಗೆ ರಾಚಿತು. “ಅಯ್ಯೋ, ಎಂಥಾ ದರಿದ್ರ ಬಣ್ಣ!” ಎಂದು ಕೂಗಿದವನು ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟ.

ಟೀಚರಮ್ಮ ಬಾಗಿಲು ತೆರೆದರು. “ಇವತ್ತಾದ್ರೂ ಬಳೀತೀಯೇನಪ್ಪಾ?”

“ಬಳೀತೀನಮ್ಮಾ,” ಎಂದು ಮೂಗು ಒರೆಸಿಕೊಂಡ. “ಮೇಲಿನ ಹಲಗೆಯಿಂದ ಒಂದು ಚೂರು ಕೆರೆದು ಕೊಡಿ, ಮಾದರಿಗೆ.”