ತಂಗಿಗೆ ಕೊಟ್ಟ ಹಕ್ಕಿ

ತಿಪಟೂರಿನಲ್ಲಿ ಯಾರೋ ಮನೆಗೆ ಬೀಗ ಹಾಕಿ ಒಳಗೇ ಬಿಟ್ಟುಹೋಗಿದ್ದ ಲವ್‌ಬರ್ಡ್ಸ್ ಜೋಡಿಯನ್ನು ನಮ್ಮ ಪಕ್ಕದ ಮನೆಯ ಟೀಚರಮ್ಮ ಬಿಡಿಸಿ ತಂದಿದ್ದರು. "ಎರಡನ್ನೂ ಒಟ್ಟಿಗೇ ಸಾಕ್ಬೇಕು ಕಣಮ್ಮ" ಎಂದು ಹೇಳಿಯೇ ನನಗೆ ಕೊಟ್ಟರು. ನಾನು ಆ ಮಾತು ಕೇಳಲಿಲ್ಲ. ದಬ್ಬೇಘಟ್ಟಕ್ಕೆ ಮದುವೆಯಾಗಿ ಹೋದ ತಂಗಿ ಆಸೆಪಟ್ಟಳೆಂದು ಒಂದನ್ನು ಅವಳಿಗೆ ಕೊಟ್ಟೆ.

ಮಾರನೆಯ ದಿನದಿಂದ ನನ್ನ ಹಕ್ಕಿ ನವಣೆ ಮುಟ್ಟಲಿಲ್ಲ. ಅಲ್ಲಿಯದೂ ಹಾಗೇ ಎಂದು ತಂಗಿ ಫೋನಿನಲ್ಲಿ ಅತ್ತಳು. ಹಾಗೇ ಬಿಟ್ಟಿದ್ದರೆ ಎರಡೂ ಸಾಯುತ್ತಿದ್ದವು. ಆದರೆ ಮನೆಮಗಳಿಗೆ ಕೊಟ್ಟದ್ದನ್ನು ವಾಪಸ್ ತರುವುದು ನಮ್ಮಲ್ಲಿ ಇಲ್ಲ. ಅದಕ್ಕೆ ನನ್ನ ಹಕ್ಕಿಯನ್ನೇ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಪಂಜರಕ್ಕೆ ಬಿಟ್ಟಾಗ ಒಂದರ ತಲೆಯನ್ನು ಇನ್ನೊಂದು ಕುಕ್ಕಿ ನೋಡಿತು. ಆಮೇಲೆ ಎರಡೂ ನವಣೆಗೆ ಬಾಯಿ ಹಾಕಿದವು.

"ನಿಂಗೇ ಒಂದೂ ಉಳೀಲಿಲ್ವಲ್ಲಕ್ಕ" ಎಂದಳು ತಂಗಿ.

"ಕೊಬ್ರಿ ಅಟ್ಟದ ಮ್ಯಾಲೆ ಬೇಕಾದಷ್ಟು ಇಲಿ ಸಾಕಿವ್ನಿ, ಬುಡು ಕಣೇ."